ವೋಲ್ಟ್ ಇಳಿದಾಗ ಆಂಪ್ ಏರುವುದೇಕೆ? ಒಂದು ಬೋರ್ ಮೋಟರ್‌ನ ಲೆಕ್ಕ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಲಿಂಬೆ ತೋಟಕ್ಕೆ 5 ಎಚ್‌ಪಿ ಸಬ್‌ಮರ್ಸಿಬಲ್ ಇದೆ. ನೇಮ್‌ಪ್ಲೇಟ್ ಮೇಲೆ 415 ವೋಲ್ಟ್, 9 ಆಂಪ್ ಎಂದಿದೆ. ಬೆಳಿಗ್ಗೆ ಮೋಟರ್ ಚಾಲೂ ಮಾಡುವ ಮೊದಲು ಪ್ಯಾನೆಲ್‌ನಲ್ಲಿ 415 ವೋಲ್ಟ್ ಇರುತ್ತದೆ. ಚಾಲೂ ಆದ ಮೇಲೆ 400 ವೋಲ್ಟ್, 8.6 ಆಂಪ್. ಮಧ್ಯಾಹ್ನ ಎಲ್ಲರ ಮೋಟರ್ ಓಡುವಾಗ ಮೊದಲು 358, ಚಾಲೂ ಆದ ಮೇಲೆ 340 ವೋಲ್ಟ್, 10.4 ಆಂಪ್. ಪಿಯುಸಿ ಓದುವ ಮಗ ವೋಲ್ಟನ್ನು ಆಂಪ್‌ನಿಂದ ಭಾಗಿಸಿ, ಮೋಟರಿನ ರೆಸಿಸ್ಟೆನ್ಸ್ ಬೆಳಿಗ್ಗೆ 46.5 ಓಮ್, ಮಧ್ಯಾಹ್ನ 32.7 ಓಮ್ ಎನ್ನುತ್ತಾನೆ. ಮೇನ್ ತೆಗೆದು ಮಲ್ಟಿಮೀಟರ್ ಇಟ್ಟರೆ 5.2 ಓಮ್ ಅಷ್ಟೇ. ಗುಣಿಸಿದರೆ 3,440 ವ್ಯಾಟ್ ಬರುತ್ತದೆ, ಅದು 5 ಎಚ್‌ಪಿಗಿಂತ ಕಡಿಮೆ. ಯಾವುದು ಸರಿ? ಮಧ್ಯಾಹ್ನ ಒಂದು ತಾಸು ಓಡಿ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ರಿಲೇಯನ್ನು (ಆಂಪ್ ಜಾಸ್ತಿಯಾದರೆ ಮೋಟರ್ ಬಂದ್ ಮಾಡುವ ಸಾಧನ) 9ರಿಂದ 12ಕ್ಕೆ ತಿರುಗಿಸಿಬಿಡಿ ಅಂತ ವೈರ್‌ಮನ್ ಹೇಳಿದ್ದಾರೆ. ತಿರುಗಿಸಲೇ? (ಕಂಬದಿಂದ ಪ್ಯಾನೆಲ್‌ಗೆ 10 ಎಂಎಂ ಅಲ್ಯೂಮಿನಿಯಂ ವೈರ್, ಸುಮಾರು 300 ಮೀಟರ್. ಪ್ಯಾನೆಲ್‌ನಿಂದ ಮೋಟರ್‌ಗೆ 4 ಎಂಎಂ ತಾಮ್ರದ ಕೇಬಲ್, 150 ಮೀಟರ್.)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ರಿಲೇ ಮುಟ್ಟಬೇಡಿ. ಯಾಕೆ ಅನ್ನುವುದು ಲೆಕ್ಕ ಮುಗಿಯುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಮಗನ ಗಣಿತದಲ್ಲಿ ತಪ್ಪಿಲ್ಲ. 400ನ್ನು 8.6ರಿಂದ ಭಾಗಿಸಿದರೆ 46.5 ಬಂದೇ ಬರುತ್ತದೆ. ಆದರೆ ಆ 46.5 ಯಾವುದರದು ಅಂತ ಅವನು ಕೇಳಿಕೊಂಡಿಲ್ಲ. ಇಪ್ಪತ್ತು ಚೀಲ ಗೊಬ್ಬರವನ್ನು ನಾಲ್ಕು ಎಮ್ಮೆಗಳಿಂದ ಭಾಗಿಸಿದರೂ ಐದು ಬರುತ್ತದೆ, ಅಲ್ವಾ?

ಗೊಂದಲ ಶುರುವಾಗುವುದು ನಮ್ಮ ಮಾತಿನಲ್ಲೇ. ನಮ್ಮ ಕಡೆ ವಿದ್ಯುತ್ತಿಗೆ ಸಂಬಂಧಿಸಿದ ಎಲ್ಲದಕ್ಕೂ ‘ಕರೆಂಟ್’ ಅನ್ನುತ್ತೇವೆ. ಕರೆಂಟ್ ಬಂತು, ಕರೆಂಟ್ ಹೋಯ್ತು, ಕರೆಂಟ್ ಬಿಲ್, ಕರೆಂಟ್ ಕಂಬ. ದೀಪ ಮಂಕಾದರೆ, ಮೋಟರ್ ಗುಂಯ್‌ಗುಟ್ಟಿದರೆ ‘ಇವತ್ತು ಕರೆಂಟ್ ಭಾಳ ಕಡಿಮಿ ಅದ’ ಅನ್ನುತ್ತೇವೆ. ಆ ಹೊತ್ತಿಗೆ ಕಡಿಮೆ ಇರುವುದು ವೋಲ್ಟೇಜ್. ನಿಮ್ಮ ಮೋಟರಿನೊಳಗೆ ನಿಜವಾದ ಕರೆಂಟ್, ಅಂದರೆ ಆಂಪಿಯರ್, ದಿನದಲ್ಲೇ ಅತಿ ಜಾಸ್ತಿ ಇರುವುದು ಆಗಲೇ. ಇನ್ನು ಮುಂದೆ ನಾನು ಕರೆಂಟ್ ಅಂದರೆ ಆಂಪ್ ಅಂತಲೇ ತಿಳಿಯಿರಿ. ವೋಲ್ಟ್ ಅಂದರೆ ದೂಡುವ ಒತ್ತಡ, ಆಂಪ್ ಅಂದರೆ ಹರಿಯುವ ಪ್ರಮಾಣ, ಓಮ್ ಅಂದರೆ ಹರಿವಿಗಿರುವ ಅಡ್ಡಿ, ವ್ಯಾಟ್ ಅಂದರೆ ಶಕ್ತಿ ಖರ್ಚಾಗುವ ವೇಗ.

ಭಾಗಾಕಾರ ಸರಿಯಾಗಿ ಕೂಡುವ ಜಾಗವೊಂದನ್ನು ಮೊದಲು ನೋಡೋಣ. ನಿಮ್ಮ ಮನೆಯಲ್ಲಿ 2,000 ವ್ಯಾಟ್‌ನ ಗೀಸರ್ ಇದೆ ಅಂದುಕೊಳ್ಳಿ. 230 ವೋಲ್ಟ್ ಇದ್ದರೆ ಅದು ಎಳೆಯುವುದು 2,000 ÷ 230, ಅಂದರೆ 8.7 ಆಂಪ್. ಅದರ ರೆಸಿಸ್ಟೆನ್ಸ್ 230 ÷ 8.7, ಅಂದರೆ 26.4 ಓಮ್. ಮೇನ್ ತೆಗೆದು ಮಲ್ಟಿಮೀಟರ್ ಇಟ್ಟರೂ ಹತ್ತಿರಹತ್ತಿರ ಅಷ್ಟೇ ಬರುತ್ತದೆ, ಯಾಕೆಂದರೆ ಒಳಗಿನ ನೈಕ್ರೋಮ್ ತಂತಿ ಬಿಸಿಯಾದರೂ ಅದರ ಓಮ್ ಹೆಚ್ಚು ಬದಲಾಗುವುದಿಲ್ಲ. ಈಗ ವೋಲ್ಟೇಜ್ 180ಕ್ಕೆ ಇಳಿಯಿತು ಅನ್ನಿ. ಕರೆಂಟ್ 180 ÷ 26.4, ಸುಮಾರು 6.8 ಆಂಪ್. ಪವರ್ 180 × 6.8, ಸುಮಾರು 1,225 ವ್ಯಾಟ್. ವೋಲ್ಟ್ ಇಳಿದಿದ್ದು ಕಾಲು ಭಾಗಕ್ಕಿಂತ ಕಡಿಮೆ, ಕಾವು ಇಳಿದಿದ್ದು ನೂರಕ್ಕೆ ಮೂವತ್ತೊಂಬತ್ತು. ವೋಲ್ಟೂ ಇಳಿಯುತ್ತದೆ, ಅದರ ಹಿಂದೆಯೇ ಆಂಪೂ ಇಳಿಯುತ್ತದೆ, ಎರಡೂ ಸೇರಿ ಪವರನ್ನು ತಗ್ಗಿಸುತ್ತವೆ. ನೀರು ಕಾಯುವುದು ತಡವಾಗುತ್ತದೆ, ಅಷ್ಟೇ. ಗೀಸರ್‌ಗೆ ಲೋ ವೋಲ್ಟೇಜ್‌ನಿಂದ ಏನೂ ಕೆಡುಕಿಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್, ಕಾಯಿಲ್ ಒಲೆಗೂ ಇದೇ ಲೆಕ್ಕ.

ವೋಲ್ಟ್, ಆಂಪ್, ಓಮ್‌ಗಳ ಈ ನಂಟಿಗೆ ಓಮ್ ನಿಯಮ ಅನ್ನುತ್ತಾರೆ. ಇದನ್ನು ಕಂಡುಹಿಡಿದ ಗೇಯಾರ್ಗ್ ಓಮ್ ಜರ್ಮನಿಯ ಕೊಲೋನ್‌ನಲ್ಲಿ ಶಾಲಾ ಮಾಸ್ತರರಾಗಿದ್ದವರು. 1827ರಲ್ಲಿ ಅವರ ಪುಸ್ತಕ ಬಂತು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಿರಲಿಲ್ಲ, ನಮ್ಮ ಮಧ್ಯಾಹ್ನದ ಲೈನಿನ ಹಾಗೆ. ಅದಕ್ಕೆ ಅವರು ಎರಡು ಬೇರೆ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಅಲುಗಾಡದ ಸಣ್ಣ ವೋಲ್ಟೇಜ್ ಪಡೆದರು. ಅಲುಗಾಡದ ವೋಲ್ಟೇಜ್ ಸಿಗದಿದ್ದರೆ ಈ ನಿಯಮ ಕಣ್ಣಿಗೆ ಬೀಳುವುದೇ ಕಷ್ಟವಿತ್ತು. ನಿಯಮಕ್ಕೆ ಒಂದು ಷರತ್ತೂ ಇದೆ: ಉಷ್ಣತೆ ಬದಲಾಗಬಾರದು.

ಆ ಷರತ್ತು ಮರೆತು ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಡಿಪ್ಲೊಮಾ ಓದುವಾಗ 100 ವ್ಯಾಟ್‌ನ ಹಳೇ ತಂತಿ ಬಲ್ಬಿಗೆ ಮಲ್ಟಿಮೀಟರ್ ಇಟ್ಟೆ. 40 ಓಮ್ ಬಂತು. 230ರ ವರ್ಗವನ್ನು 40ರಿಂದ ಭಾಗಿಸಿದರೆ 1,322 ವ್ಯಾಟ್! ಕಂಪನಿಯವರೇ ತಪ್ಪಾಗಿ ಅಚ್ಚು ಹಾಕಿದ್ದಾರೆ ಅಂತ ಗೆಳೆಯರ ಮುಂದೆ ಹೇಳಿ ನಗೆಪಾಟಲಾದೆ. ಉರಿಯುವಾಗ ಆ ಬಲ್ಬಿನ ರೆಸಿಸ್ಟೆನ್ಸ್ 529 ಓಮ್. ಟಂಗ್‌ಸ್ಟನ್ ತಂತಿ 2,500 ಡಿಗ್ರಿ ದಾಟಿ ಕಾದಾಗ ಅದರ ಅಡ್ಡಿ ಹದಿಮೂರು ಪಟ್ಟು ಏರಿರುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದ ಕ್ಷಣದಲ್ಲೇ ಪಟ್ ಅಂತ ಹೋಗುತ್ತಿದ್ದುದು ಇದಕ್ಕೇ. ತಣ್ಣಗಿರುವಾಗ ಅದು ಎಳೆಯುವ ಕರೆಂಟ್ ಅಷ್ಟು ಜಾಸ್ತಿ.

ಈಗ ಮೋಟರ್‌ಗೆ ಬರೋಣ. ಮೋಟರ್ ಗೀಸರೂ ಅಲ್ಲ, ಬಲ್ಬೂ ಅಲ್ಲ. ಒಳಗಿರುವುದು ತಾಮ್ರದ ವೈಂಡಿಂಗ್ ನಿಜ. ಅದರ ರೆಸಿಸ್ಟೆನ್ಸ್ ತೀರಾ ಕಡಿಮೆ, ನಿಮ್ಮ ಮಲ್ಟಿಮೀಟರ್ ತೋರಿಸಿದ ಹಾಗೆ. ಹಾಗಾದರೆ 400 ವೋಲ್ಟ್ ಕೊಟ್ಟಾಗ ಎಂಬತ್ತು, ತೊಂಬತ್ತು ಆಂಪ್ ಏಕೆ ನುಗ್ಗುವುದಿಲ್ಲ? ಓಡುವ ಮೋಟರ್ ತಾನೇ ಒಂದು ಡೈನಮೋ ಕೂಡ ಆಗಿರುತ್ತದೆ. ಸೈಕಲ್ ಡೈನಮೋದಲ್ಲಿ ಅಯಸ್ಕಾಂತ ತಿರುಗಿದರೆ ವೋಲ್ಟೇಜ್ ಹುಟ್ಟುತ್ತದಲ್ಲ, ಹಾಗೇ ಮೋಟರಿನೊಳಗೆ ಸುತ್ತುವ ಅಯಸ್ಕಾಂತ ಬಲವೂ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಅದು ಲೈನ್ ವೋಲ್ಟೇಜ್‌ಗೆ ಎದುರಾಗಿ ನಿಲ್ಲುತ್ತದೆ. ಕರೆಂಟನ್ನು ಹಿಡಿದಿಡುವುದು ತಾಮ್ರದ ಓಮ್‌ಗಿಂತ ಹೆಚ್ಚಾಗಿ ಈ ಎದುರು ವೋಲ್ಟೇಜ್. ಅದಕ್ಕೇ ಚಾಲೂ ಮಾಡುವ ಕ್ಷಣದಲ್ಲಿ, ರೋಟರ್ (ಒಳಗೆ ತಿರುಗುವ ಭಾಗ) ಇನ್ನೂ ನಿಂತಿರುವಾಗ, ಆಂಪ್ ಮುಳ್ಳು ಒಮ್ಮೆ ಜಿಗಿದು ಕೆಳಗೆ ಬರುತ್ತದೆ. ನೇರ ಸ್ಟಾರ್ಟರ್‌ನಲ್ಲಿ ಅದು ಐದಾರು ಪಟ್ಟು, ನಿಮ್ಮ ಮೋಟರ್‌ಗೆ 45–50 ಆಂಪ್ ಇರುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಗೀಸರ್‌ಗೆ ‘ಇಷ್ಟೇ ಕೆಲಸ ಮಾಡಬೇಕು’ ಅಂತ ಯಾರೂ ಹೇಳಿಲ್ಲ, ಕೊಟ್ಟಷ್ಟು ತಿಂದು ಅಷ್ಟೇ ಕಾಯುತ್ತದೆ. ಬೋರಿನೊಳಗಿನ ಪಂಪ್ ಹಾಗಲ್ಲ. ಇಷ್ಟು ಅಡಿ ಆಳದಿಂದ ನೀರು ಎತ್ತಬೇಕು ಅನ್ನುವ ಹೊರೆ ಅದರ ಮೇಲೆ ಕೂತಿದೆ. ವೋಲ್ಟ್ ಇಳಿದರೂ ಮೋಟರ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ, ಅಷ್ಟೇ ಪವರ್ ಕೇಳುತ್ತದೆ. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಸೊರಗಿದರೆ ಇನ್ನೊಂದು ಎಳೆಯಬೇಕು. ಇಲ್ಲಿ ಸೊರಗಿದ್ದು ವೋಲ್ಟ್, ಎಳೆಯುತ್ತಿರುವುದು ಆಂಪ್. ಹಾಗಾಗಿ 8.6 ಇದ್ದದ್ದು 10.4 ಆಯಿತು. ಇದು ಓಮ್ ನಿಯಮಕ್ಕೆ ವಿರುದ್ಧ ಅಲ್ಲ. ಆ ನಿಯಮ ಬರೀ ರೆಸಿಸ್ಟೆನ್ಸ್ ಬಗ್ಗೆ ಹೇಳುತ್ತದೆ, ಮೋಟರ್ ಬರೀ ರೆಸಿಸ್ಟೆನ್ಸ್ ಅಲ್ಲ.

ಮುಂದೆ ವ್ಯಾಟ್. 400 × 8.6 = 3,440 ಅಂತ ಗುಣಿಸಿದ್ದೀರಿ. 1 ಎಚ್‌ಪಿ ಅಂದರೆ 746 ವ್ಯಾಟ್, ಐದಕ್ಕೆ 3,730. ಕೊಟ್ಟದ್ದಕ್ಕಿಂತ ಜಾಸ್ತಿ ಕೊಡುವ ಮೋಟರ್ ಸಿಕ್ಕಿದ್ದರೆ ನಾವೆಲ್ಲ ಇಂಡಿಗೆ ಬಂದು ಸಾಲು ನಿಲ್ಲುತ್ತಿದ್ದೆವು. ತಪ್ಪಿರುವುದು ತ್ರೀ ಫೇಸ್‌ನಲ್ಲಿ. ಮೂರು ವೈರ್ ಇವೆ, ಮೂರೂ ಕೆಲಸ ಮಾಡುತ್ತಿವೆ, ನೀವು ಒಂದರ ಆಂಪನ್ನು ಮಾತ್ರ ಹಿಡಿದಿದ್ದೀರಿ. ಹಾಗಂತ 3,440ನ್ನು ಮೂರರಿಂದ ಗುಣಿಸಲೂ ಬಾರದು. 400 ವೋಲ್ಟ್ ಅನ್ನುವುದು ಎರಡು ಫೇಸ್‌ಗಳ ನಡುವಿನದು. ಒಂದು ಫೇಸ್‌ನಿಂದ ನ್ಯೂಟ್ರಲ್‌ಗೆ ಇರುವುದು 400 ÷ 1.732 (ಮೂರರ ವರ್ಗಮೂಲ), ಅಂದರೆ 231 ವೋಲ್ಟ್. ಒಂದು ವೈರಿನ ಪಾಲು 231 × 8.6, ಅಂದರೆ 1,987. ಮೂರೂ ಸೇರಿ ಸುಮಾರು 5,960. ಒಂದೇ ಸಲಕ್ಕೆ ಬೇಕೆಂದರೆ 1.732 × 400 × 8.6.

ಇದನ್ನೂ ವ್ಯಾಟ್ ಅನ್ನುವಂತಿಲ್ಲ. ಇದು ವೋಲ್ಟ್-ಆಂಪಿಯರ್, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ 25 ಕೆವಿಎ, 63 ಕೆವಿಎ ಅಂತ ಬರೆದಿರುತ್ತದಲ್ಲ, ಆ ಜಾತಿಯ ಲೆಕ್ಕ. ಮೋಟರಿಗೆ ಅಯಸ್ಕಾಂತ ಬಲ ಹುಟ್ಟಿಸಲು ಒಂದಿಷ್ಟು ಕರೆಂಟ್ ಬೇಕು. ಅದು ಕೈಗಡದ ಹಾಗೆ. ಲೈನಿನಿಂದ ತೆಗೆದುಕೊಳ್ಳುತ್ತದೆ, ಮರುಕ್ಷಣ ವಾಪಸ್ ಕೊಡುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ. ಖರ್ಚಿನ ಲೆಕ್ಕಕ್ಕೆ ಅದು ಸೇರುವುದಿಲ್ಲ. ಆದರೆ ಹೋಗಿಬರುವ ವೈರ್ ಬಿಸಿಯಾಗಿಯೇ ಆಗುತ್ತದೆ, ಆಂಪ್ ಮೀಟರ್‌ನಲ್ಲೂ ಅದು ಕಾಣುತ್ತದೆ. ಈ ಕೈಗಡವನ್ನು ಬದಿಗಿಟ್ಟು, ನಿಜವಾಗಿ ಖರ್ಚಾಗುವ ಪಾಲು ಎಷ್ಟು ಅನ್ನುವ ಗುಣಕವೇ ಪವರ್ ಫ್ಯಾಕ್ಟರ್. ಇಂಥ ಪಂಪ್ ಮೋಟರ್‌ಗೆ ಫುಲ್ ಲೋಡ್‌ನಲ್ಲಿ ಅದು 0.80ರಿಂದ 0.85ರ ಸುತ್ತ ಇರುತ್ತದೆ. 0.82 ಹಿಡಿಯೋಣ. 5,960 × 0.82, ಸುಮಾರು 4,890 ವ್ಯಾಟ್. ಇದು ನಿಮ್ಮ ಮೋಟರ್ ನಿಜವಾಗಿ ತಿನ್ನುವ ಪವರ್.

ಇದರಲ್ಲಿ ನೂರಕ್ಕೆ ಎಪ್ಪತ್ತೆರಡರಷ್ಟು ತಿರುಗುವ ಶಕ್ತಿಯಾಗಿ ಹೊರಬಂದರೆ 3,520 ವ್ಯಾಟ್, ಅಂದರೆ 4.7 ಎಚ್‌ಪಿ. ಲೆಕ್ಕ ಕೂಡಿತು. ಉಳಿದದ್ದು ಕಾವಾಗಿ ಬೋರಿನ ನೀರಿಗೆ ಸೇರುತ್ತದೆ.

ಯುನಿಟ್ ಎಷ್ಟು ಅಂತಲೂ ನೋಡಿಬಿಡಿ. ದಿನಕ್ಕೆ 7 ತಾಸು ಓಡಿದರೆ 4.89 × 7, ಸುಮಾರು 34 ಯುನಿಟ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರೈತರು ಬಿಲ್ ಕಟ್ಟುವುದಿಲ್ಲವಾದ್ದರಿಂದ ಈ ಗುಣಾಕಾರವನ್ನು ಯಾರೂ ಮಾಡುವುದೇ ಇಲ್ಲ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯುನಿಟ್ ಪುಕ್ಕಟೆ. ನಿಮ್ಮ ಬೋರ್ ಅಷ್ಟನ್ನು ಆರು ದಿನದಲ್ಲಿ ಮುಗಿಸುತ್ತದೆ.

ಇನ್ನು ಮಲ್ಟಿಮೀಟರ್‌ನ 5.2 ಓಮ್. ಮೂರು ಅಂಕಿಗಳಲ್ಲಿ ನಿಜವಾಗಿ ರೆಸಿಸ್ಟೆನ್ಸ್ ಅನ್ನಿಸಿಕೊಳ್ಳುವುದು ಇದೊಂದೇ. ಆದರೆ ಅದೆಲ್ಲವೂ ಮೋಟರಿನದಲ್ಲ. ಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. 0.2 ಓಮ್ ಆಸುಪಾಸು ಬರುತ್ತದೆ, ಅದನ್ನು ಕಳೆಯಿರಿ. ಉಳಿದದ್ದು 5.0. ಇದರಲ್ಲಿ ಕೇಬಲ್ ಎಷ್ಟು? ನಾವು ‘4 ಎಂಎಂ’ ಅನ್ನುವುದು ದಪ್ಪವನ್ನಲ್ಲ, ಕತ್ತರಿಸಿದಾಗ ಕಾಣುವ ತಾಮ್ರದ ಮುಖದ ಅಳತೆ, 4 ಚದರ ಮಿಲಿಮೀಟರ್. ಅಂಥ ಎಳೆ ಎಳೆಯ ತಾಮ್ರದ ಕೇಬಲ್‌ಗೆ ಒಂದು ಕಿಲೋಮೀಟರಿಗೆ 4.95 ಓಮ್. 150 ಮೀಟರಿಗೆ 0.74. ಮೀಟರ್ ಒಂದು ವೈರಿನಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದರಿಂದ ಎರಡರಷ್ಟು, ಸುಮಾರು 1.5. ಹಾಗಾಗಿ ಮೋಟರಿನ ವೈಂಡಿಂಗ್ ಎರಡು ತುದಿಗಳ ನಡುವೆ 3.5 ಓಮ್.

ಇದರಿಂದ ಏನು ಉಪಯೋಗ? ವೈಂಡಿಂಗ್ ಎಷ್ಟು ಬಿಸಿಯಾಗುತ್ತದೆ ಅನ್ನುವುದನ್ನು ಇದು ಹೇಳುತ್ತದೆ. ತಂತಿಯಲ್ಲಿ ಕಾವಾಗಿ ಹೋಗುವ ವ್ಯಾಟ್ ಅಂದರೆ ಆಂಪ್‌ನ ವರ್ಗ × ಓಮ್. ತ್ರೀ ಫೇಸ್ ಮೋಟರ್‌ಗೆ ಒಂದು ಸುಲಭ ದಾರಿ ಇದೆ. ಎರಡು ತುದಿಗಳ ನಡುವೆ ಸಿಕ್ಕ ಓಮ್ ತೆಗೆದುಕೊಂಡು, 1.5 × ಆಂಪ್‌ನ ವರ್ಗ × ಆ ಓಮ್ ಮಾಡಿದರೆ ಸಾಕು. ಒಳಗೆ ವೈಂಡಿಂಗ್ ಜೋಡಣೆ ಸ್ಟಾರ್ ಇದ್ದರೂ ಡೆಲ್ಟಾ ಇದ್ದರೂ ಉತ್ತರ ಒಂದೇ. ಬೆಳಿಗ್ಗೆ 1.5 × 8.6 × 8.6 × 3.5, ಅಂದರೆ 388 ವ್ಯಾಟ್. ಮಧ್ಯಾಹ್ನ 10.4 ಆಂಪ್‌ಗೆ 568 ವ್ಯಾಟ್. ಆಂಪ್ ಏರಿದ್ದು ನೂರಕ್ಕೆ ಇಪ್ಪತ್ತೊಂದು, ಕಾವು ಏರಿದ್ದು ನೂರಕ್ಕೆ ನಲವತ್ತಾರು. ನಿಜದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಬಿಸಿಯಾದ ತಾಮ್ರದ ಓಮ್ ಪ್ರತಿ 10 ಡಿಗ್ರಿಗೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ.

ಈ ವರ್ಗದ ಲೆಕ್ಕವೇ ದೊಡ್ಡ ಲೈನ್‌ಗಳನ್ನೂ ಆಳುತ್ತದೆ. ನಮ್ಮ ಜಿಲ್ಲೆಯ ಕೂಡಗಿಯ ಉಷ್ಣ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್. ಅಷ್ಟನ್ನೂ 400 ಕಿಲೋವೋಲ್ಟ್‌ನಲ್ಲಿ ಕಳಿಸಿದರೆ ಸುಮಾರು 3,460 ಆಂಪ್. ನಿಮ್ಮ ಪ್ಯಾನೆಲ್‌ನ 400 ವೋಲ್ಟ್‌ನಲ್ಲೇ ಕಳಿಸುತ್ತೇನೆಂದು ಹೊರಟರೆ 34.6 ಲಕ್ಷ ಆಂಪ್! ಅದನ್ನು ಹೊರುವ ತಂತಿ ಯಾವ ಕಂಬದ ಮೇಲೂ ನಿಲ್ಲದು.

ಮಲ್ಟಿಮೀಟರ್ ಬಗ್ಗೆ ಎರಡು ಮಾತು. ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಓಮ್ ನೋಡಿ. ಕೆಪಾಸಿಟರ್ ಇದ್ದರೆ ಅದನ್ನು ಬಿಡಿಸಿ, ಡಿಸ್ಚಾರ್ಜ್ ಮಾಡಿ. ಮೂರು ಜೋಡಿ ವೈರುಗಳಲ್ಲೂ ಒಂದೇ ಅಂಕಿ ಬರಬೇಕು. ಒಂದು ಜೋಡಿ ಬೇರೆಯಾದರೆ ವೈಂಡಿಂಗ್ ಅಥವಾ ಬೋರಿನೊಳಗಿನ ಕೇಬಲ್ ಜಾಯಿಂಟ್ ಕೆಟ್ಟಿದೆ. ವೈಂಡಿಂಗ್ ಅರ್ತ್ ಆಗಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಮಲ್ಟಿಮೀಟರ್ ಖಚಿತವಾಗಿ ಹೇಳಲಾರದು. ಅದಕ್ಕೆ 500 ವೋಲ್ಟ್‌ನ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಬೇಕು.

ಈಗ ರಿಲೇ ವಿಷಯ ತೆಗೆದುಕೊಳ್ಳಿ. ಅದನ್ನು 9ಕ್ಕೆ ಇಟ್ಟಿದ್ದು ಸರಿಯಾಗಿಯೇ ಇದೆ, ನೇಮ್‌ಪ್ಲೇಟ್‌ನಲ್ಲಿ ಇರುವುದೂ ಅಷ್ಟೇ. 10.4 ಆಂಪ್ ಅಂದರೆ ನೂರಕ್ಕೆ ಹದಿನಾರು ಜಾಸ್ತಿ. ರಿಲೇಯೊಳಗೆ ಎರಡು ಲೋಹದ ಪಟ್ಟಿ ಕಾದು ಬಾಗಬೇಕು, ಸ್ವಲ್ಪವೇ ಜಾಸ್ತಿ ಇದ್ದಾಗ ಅದಕ್ಕೆ ಹೊತ್ತು ಬೇಕು. ಅದಕ್ಕೆ ಒಂದು ತಾಸು ಓಡಿ ಆಮೇಲೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ಡಬ್ಬಿಯೂ ಸ್ವಲ್ಪ ಕೈಜೋಡಿಸುತ್ತದೆ. ಪ್ಯಾನೆಲ್‌ಗೆ ನೆರಳು ಮಾಡಿ, ಅದು ಒಳ್ಳೆಯದೇ. ಆದರೆ ರಿಲೇ ಸುಳ್ಳು ಹೇಳುತ್ತಿಲ್ಲ.

12ಕ್ಕೆ ತಿರುಗಿಸಿದರೆ ಟ್ರಿಪ್ ನಿಲ್ಲುತ್ತದೆ, ಹೌದು. ಆದರೆ ಆಗ ನೀವು ಮೋಟರಿಗೆ 12 ಆಂಪ್‌ವರೆಗೆ ಬೇಯಲು ಅನುಮತಿ ಕೊಟ್ಟಂತೆ. 9ಕ್ಕೆ ಹೋಲಿಸಿದರೆ ಅದು ನೂರಕ್ಕೆ ಎಪ್ಪತ್ತೆಂಟು ಜಾಸ್ತಿ ಕಾವು. ವೈಂಡಿಂಗ್‌ನ ಇನ್ಸುಲೇಶನ್ ಪ್ರತಿ 10 ಡಿಗ್ರಿ ಜಾಸ್ತಿ ಕಾವಿಗೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ ಅನ್ನುವುದು ನಮ್ಮ ಕಸುಬಿನ ಹಳೇ ಅಂದಾಜು. ಇದಕ್ಕಿಂತ ಕೆಟ್ಟದ್ದು ಒಂದು ಫೇಸ್ ಹೋದಾಗ ಆಗುತ್ತದೆ. ಓಡುತ್ತಿರುವಾಗ ಮೂರರಲ್ಲಿ ಒಂದು ಫೇಸ್ ಕಡಿದರೆ ಉಳಿದ ಎರಡು ವೈರುಗಳ ಮೇಲೆ 15 ಆಂಪ್ ಆಸುಪಾಸು ಬೀಳುತ್ತದೆ. ರಿಲೇ 9ರಲ್ಲಿದ್ದರೆ ಕೆಲವೇ ನಿಮಿಷಗಳಲ್ಲಿ ಬಿಡಿಸುತ್ತದೆ. 12ರಲ್ಲಿದ್ದರೆ ಅದಕ್ಕೆ ಈ 15 ಅನ್ನುವುದು ‘ಸ್ವಲ್ಪ ಜಾಸ್ತಿ’ ಅಷ್ಟೇ. ಅದು ಯೋಚಿಸುವಷ್ಟರಲ್ಲಿ ಮೋಟರ್ ಸುಟ್ಟಿರುತ್ತದೆ. ಆಮೇಲೆ ಪೈಪು ಎತ್ತಿಸುವ ಕೂಲಿ, ರಿವೈಂಡಿಂಗ್ ಖರ್ಚು, ಅಷ್ಟು ದಿನ ಒಣಗುವ ಲಿಂಬೆ ಗಿಡ. ನಿಮ್ಮ ವೈರ್‌ಮನ್ ಕೆಟ್ಟವರಲ್ಲ, ಟ್ರಿಪ್ ಆಗಬಾರದು ಅಂತ ನೀವು ಕೇಳಿದಿರಿ, ಅದಕ್ಕೆ ಉತ್ತರ ಕೊಟ್ಟರು.

ಹಾಗಾದರೆ ಮಾಡುವುದೇನು? ಇಲ್ಲಿಗೆ ನಿಮ್ಮ ಮಗನ ಭಾಗಾಕಾರವನ್ನೇ ವಾಪಸ್ ತರುತ್ತೇನೆ. ನೀವು ಒಂದು ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಚಾಲೂ ಮಾಡುವ ಮೊದಲಿನ ವೋಲ್ಟನ್ನೂ ಬರೆದುಕೊಂಡಿದ್ದೀರಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ.

ಬೆಳಿಗ್ಗೆ 415 ಇದ್ದದ್ದು 400 ಆಯಿತು. ನಿಮ್ಮ ಮೋಟರ್ ಒಂದೇ ಕಾರಣಕ್ಕೆ 15 ವೋಲ್ಟ್ ದಾರಿಯಲ್ಲಿ ಕಳೆದುಹೋಯಿತು. ತ್ರೀ ಫೇಸ್ ಆದ್ದರಿಂದ ಅದನ್ನು 1.732 × 8.6ರಿಂದ, ಅಂದರೆ 14.9ರಿಂದ ಭಾಗಿಸಿ. 1.0 ಓಮ್. ಮಧ್ಯಾಹ್ನ 358 ಇದ್ದದ್ದು 340, ಇಳಿದದ್ದು 18 ವೋಲ್ಟ್. 1.732 × 10.4 ಅಂದರೆ 18. ಭಾಗಿಸಿದರೆ ಮತ್ತೆ 1.0 ಓಮ್! ಮೋಟರಿನ ‘ರೆಸಿಸ್ಟೆನ್ಸ್’ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬಂದಿತ್ತು. ಇದು ಮಾತ್ರ ಅಲುಗಲಿಲ್ಲ. ಇದು ನಿಮ್ಮ ಪ್ಯಾನೆಲ್‌ನಿಂದ ಹಿಂದಕ್ಕೆ, ಕಂಬ ಮತ್ತು ಟಿಸಿವರೆಗಿನ ತಂತಿಯ ರೆಸಿಸ್ಟೆನ್ಸ್. ನಿಖರವಾಗಿ ಬೇಕೆಂದರೆ ಪವರ್ ಫ್ಯಾಕ್ಟರನ್ನೂ ಸೇರಿಸಬೇಕು, ಆಗ ಅದು 1.2ರ ಸುತ್ತ ಬರುತ್ತದೆ.

ಅದರಲ್ಲಿ ನಿಮ್ಮ ಸ್ವಂತ ವೈರಿನ ಪಾಲು ಎಷ್ಟು? 10 ಎಂಎಂ ಅಲ್ಯೂಮಿನಿಯಂಗೆ ಕಿಲೋಮೀಟರಿಗೆ 3.08 ಓಮ್. 300 ಮೀಟರಿಗೆ 0.92. ಬಿಸಿಲಲ್ಲಿ ಕಾದರೆ 1.0 ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ಪೂರ್ತಿ ಪಾಲು ಅದರದೇ. ಮಧ್ಯಾಹ್ನ ಆ ವೈರಿನಲ್ಲಿ 3 × 10.4 × 10.4 × 0.92, ಸುಮಾರು 300 ವ್ಯಾಟ್ ಗಾಳಿಗೆ ಹೋಗುತ್ತಿದೆ. 16 ಎಂಎಂ ಹಾಕಿದರೆ ಕಿಲೋಮೀಟರಿಗೆ 1.91 ಓಮ್, ನಿಮ್ಮ ದೂರಕ್ಕೆ 0.57. ಆಗ 18 ವೋಲ್ಟ್ ಬದಲು 11ರ ಹತ್ತಿರ ಇಳಿಯುತ್ತದೆ.

ಆದರೆ ದುಡ್ಡು ಹಾಕುವ ಮೊದಲು ಇದನ್ನೂ ನೋಡಿ. 415ರಿಂದ 340ಕ್ಕೆ ಒಟ್ಟು 75 ವೋಲ್ಟ್ ಇಳಿದಿದೆ. ಅದರಲ್ಲಿ ನಿಮ್ಮದು 18, ಉಳಿದ 57 ಕಂಬದ ಆಚೆಯದು, ಅದೇ ಟಿಸಿ ಮೇಲೆ ಓಡುವ ಎಲ್ಲರ ಮೋಟರಿನದು. ದಪ್ಪ ವೈರ್ ಹಾಕಿದರೆ ನಿಮಗೆ ಏಳು ವೋಲ್ಟ್ ವಾಪಸ್ ಸಿಗುತ್ತದೆ, ಅಷ್ಟೇ. 340 ಇದ್ದದ್ದು 347 ಆಗುತ್ತದೆ. ಪಂಪ್‌ಸೆಟ್ ಮೋಟರ್‌ಗಳನ್ನು ಸಾಮಾನ್ಯವಾಗಿ ನೂರಕ್ಕೆ ಹದಿನೈದು ಕಡಿಮೆ ವೋಲ್ಟೇಜ್ ತಡೆಯುವಂತೆ ಮಾಡಿರುತ್ತಾರೆ, 415ಕ್ಕೆ ಅದು 353. ಅಷ್ಟಕ್ಕೂ ಮುಟ್ಟುವುದಿಲ್ಲ.

ಕೆಪಾಸಿಟರ್ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಒಬ್ಬರೇ ಹಾಕಿದರೆ ಮಾತ್ರ ಅಷ್ಟಕ್ಕಷ್ಟೇ. 5 ಎಚ್‌ಪಿಗೆ 2 ಕೆವಿಎಆರ್ (ಕೈಗಡದ ಪಾಲನ್ನು ಅಳೆಯುವ ಅಳತೆ) ಸರಿಹೋಗುತ್ತದೆ. ಮೋಟರ್ ಟಿಸಿವರೆಗೂ ಹೋಗಿ ತರುತ್ತಿದ್ದ ಕೈಗಡವನ್ನು ಇದು ಪ್ಯಾನೆಲ್‌ನಲ್ಲೇ ಕೊಡುತ್ತದೆ. ಬೆಳಗಿನ ಲೆಕ್ಕದಲ್ಲಿ ಲೈನಿನ ಕರೆಂಟ್ 8.6ರಿಂದ 7.3ಕ್ಕೆ ಇಳಿಯುತ್ತದೆ, ಕೆವಿಎ 5.96 ಇದ್ದದ್ದು 5.1ರ ಸುತ್ತ ಆಗುತ್ತದೆ. 63 ಕೆವಿಎ ಟಿಸಿ ಮೇಲೆ ಇಂಥ ಹತ್ತು ಮೋಟರ್ ಹೊರುವ ಜಾಗದಲ್ಲಿ ಹನ್ನೆರಡು ಹೊರಬಹುದು. ನೀವೊಬ್ಬರೇ ಹಾಕಿದರೆ ಒಂದೆರಡು ವೋಲ್ಟ್ ಕಾಣಬಹುದು. ಆ ಟಿಸಿಯ ಎಲ್ಲರೂ ಹಾಕಿದರೆ ಆ 57ರಲ್ಲಿ ಒಂದು ಒಳ್ಳೆ ಪಾಲು ವಾಪಸ್ ಬರುತ್ತದೆ. ಎಲ್ಲರನ್ನೂ ಒಂದು ಕಡೆ ಕೂಡಿಸುವುದು ನನ್ನ ಲೆಕ್ಕಕ್ಕಿಂತ ಕಷ್ಟ, ಗೊತ್ತು. ಒಂದು ಎಚ್ಚರಿಕೆ: ರಿಲೇಯ ಹಿಂದೆ, ಕಾಂಟ್ಯಾಕ್ಟರ್ (ಮೋಟರನ್ನು ಚಾಲೂ-ಬಂದ್ ಮಾಡುವ ಸ್ವಿಚ್) ಮತ್ತು ರಿಲೇಯ ನಡುವಿನ ತುದಿಗೆ ಕೆಪಾಸಿಟರ್ ಜೋಡಿಸಿ. ರಿಲೇ ದಾಟಿ ಮೋಟರ್ ಕಡೆಗೆ ಜೋಡಿಸಿದರೆ ರಿಲೇ ಕಡಿಮೆ ಆಂಪ್ ಕಾಣುತ್ತದೆ, ಮೋಟರ್ ಮಾತ್ರ ಹಳೇ ಆಂಪನ್ನೇ ಎಳೆಯುತ್ತಿರುತ್ತದೆ. ಅದು ರಿಲೇಯನ್ನು 12ಕ್ಕೆ ತಿರುಗಿಸಿದ್ದಕ್ಕೆ ಅಣ್ಣ.

ಅಲ್ಲಿಯವರೆಗೆ ಮಧ್ಯಾಹ್ನ ಓಡಿಸದೆ ವೋಲ್ಟೇಜ್ ಇರುವ ಹೊತ್ತಿಗೆ ನೀರು ಹಾಯಿಸಿ. ಟಿಸಿ ಮೇಲೆ ಹೊರೆ ಜಾಸ್ತಿ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವುದಾದರೆ ‘ಕರೆಂಟ್ ಕಡಿಮೆ ಬರುತ್ತದೆ’ ಅಂತ ಬರೆಯಬೇಡಿ. ಚಾಲೂ ಮಾಡುವ ಮೊದಲು ಎಷ್ಟು, ಆಮೇಲೆ ಎಷ್ಟು, ಯಾವ ಹೊತ್ತಿಗೆ ಎಷ್ಟು ಅಂತ ಒಂದು ವಾರದ ಅಂಕಿ ಬರೆದು ಕೊಡಿ. 358 ಅನ್ನುವ ಅಂಕಿ ನಿಮ್ಮ ಮೋಟರ್ ಬಂದ್ ಇದ್ದಾಗಿನದು. ಅದಕ್ಕೆ ನಿಮ್ಮ ವೈರನ್ನು ಯಾರೂ ದೂರುವಂತಿಲ್ಲ.

ಎಲ್ಲಕ್ಕಿಂತ ಅಗ್ಗದ ಕೆಲಸವೊಂದು ಬಾಕಿ ಇದೆ. ಕಂಬದ ಹತ್ತಿರ ಮತ್ತು ಪ್ಯಾನೆಲ್‌ನಲ್ಲಿ ಅಲ್ಯೂಮಿನಿಯಂ ವೈರನ್ನು ತಾಮ್ರಕ್ಕೆ ಸುಮ್ನೆ ಸುತ್ತಿ ಬಿಟ್ಟಿದ್ದಾರೋ ಅಂತ ವೈರ್‌ಮನ್ ಕೈಯಲ್ಲಿ ಲೈನ್ ಬಂದ್ ಮಾಡಿಸಿ ನೋಡಿಸಿ. ಆ ಎರಡು ಲೋಹ ಸೇರಿದ ಕಡೆ ಕಿಲುಬು ಕಟ್ಟುತ್ತದೆ, ಸಡಿಲಾಗುತ್ತದೆ, ಓಮ್ ಏರುತ್ತದೆ. ಅದಕ್ಕೆಂದೇ ಬೈಮೆಟಲ್ ಲಗ್ ಸಿಗುತ್ತದೆ. ಕೆಟ್ಟ ಜಾಯಿಂಟ್ ಒಂದು ಬರೀ 2 ವೋಲ್ಟ್ ತಿಂದರೂ 10.4 ಆಂಪ್‌ಗೆ ಅದು 20 ವ್ಯಾಟ್ ದಾಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ 25 ವ್ಯಾಟ್ ಇರುತ್ತದೆ. ಹೆಚ್ಚುಕಡಿಮೆ ಅಷ್ಟೇ ಕಾವು ಒಂದು ಲಿಂಬೆಕಾಯಿಗಿಂತ ಸಣ್ಣ ಜಾಗದಲ್ಲಿ ಕೂತಿರುತ್ತದೆ. ಪ್ಲಾಸ್ಟಿಕ್ ಕರಗಿ ಕಪ್ಪಾಗಿದ್ದರೆ ಬರಿಗಣ್ಣಿಗೇ ಕಾಣುತ್ತದೆ.